ಅರ್ಜಿಯೊಳಗೆ ಸತ್ತ ಗಂಡ

ಸರಕಾರಕ್ಕೆ ಅರ್ಜಿ ಬರೆಸುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಹೇಸಿಕೆ. ಓಣಿಯಲ್ಲಿ ಎದೆ ಸೆಟೆಸಿ ಅಡ್ಡಾಡುವ ಮನುಷ್ಯ ಒಂದು ಹಾಳೆ ಸಿಕ್ಕ ಕೂಡಲೇ ಅದರ ಮೇಲೆ ಉದ್ದಕ್ಕೆ ಬಿದ್ದು ಹೊರಳಾಡುತ್ತಾನೆ. ನಾನು ಬಡವ, ನಾನು ಹುಳ, ತಮ್ಮ ಕಾಲಿನ ಧೂಳು, ತಾವೇ ತಾಯಿ, ತಾವೇ ತಂದೆ. ಮನೆಯಲ್ಲಿ ಹೆತ್ತವಳಿಗೆ ಒಂದು ತಂಬಿಗೆ ನೀರು ಕೊಟ್ಟಿರುವುದಿಲ್ಲ, ಕುರ್ಚಿಯ ಮೇಲೆ ಕೂತ ಯಾವನೋ ಇವನಿಗೆ ತಾಯಿ. ಹೀಗೆ ಬೈಯುವ ನಾನೂ ಎರಡು ಸಲ ಅರ್ಜಿ ಬರೆಸಿದ್ದೇನೆ. ಗೊತ್ತಿಲ್ಲದೆ ಬೈಯುವುದಕ್ಕಿಂತ ಗೊತ್ತಿದ್ದು ಬೈಯುವುದು ಚಲೋ.

ಆಗ ನಾವು ಮುಂಬೈಯ ವಡಾಲದಲ್ಲಿದ್ದೆವು. ಸ್ವಾತಂತ್ರ್ಯ ಬಂದು ಐದಾರು ವರ್ಷ ಆಗಿರಬೇಕು. ರೇಶನ್ ಅಂಗಡಿಯ ಮುಂದೆ ಪಾಳಿ ಹಚ್ಚಿ ನಿಂತು ಹರಳು ತುಂಬಿದ ಜೋಳ ತರುವ ಕಾಲ. ಬಂದರಿನ ಗೋದಾಮುಗಳ ಹಿಂದೆ ನಮ್ಮ ಚಾಳು. ಚಾಳಿನ ಹಿಂದೆ ಹೊಲಸು ನೀರು ಹರಿಯುವ ನಾಲಾ. ನಾಲಾದ ದಂಡೆಗೆ ತಗಡಿನ ಶೆಡ್ಡುಗಳ ಒಂದು ಸಾಲು, ಅಲ್ಲಿ ನಾವು ಹೆಣ್ಣುಮಕ್ಕಳು ರೊಟ್ಟಿ ಬಡಿಯುತ್ತಿದ್ದೆವು. ವಿಜಾಪುರದ ಕಡೆಯಿಂದ ಬಂದರಿನಲ್ಲಿ ಮೂಟೆ ಹೊರಲು ಬಂದ ಗಂಡಸರು ಹೆಂಡಂದಿರನ್ನು ಊರಲ್ಲೇ ಬಿಟ್ಟು ಬಂದಿದ್ದರು. ಉಡುಪಿ ಹೋಟೆಲ್ಲಿನ ಅನ್ನ ಅವರ ಹೊಟ್ಟೆಯ ಒಂದು ಮೂಲೆಗೂ ಸಾಲುತ್ತಿರಲಿಲ್ಲ. ಅವರಿಗೆ ಜೋಳದ ರೊಟ್ಟಿ, ಖಾರಬ್ಯಾಳಿ, ಉಳ್ಳಾಗಡ್ಡಿ ಬೇಕು. ಅದನ್ನು ನಾವು ಮಾಡಿ ಹಾಕುತ್ತಿದ್ದೆವು.

ನನ್ನ ಶೆಡ್ಡು ಸಾಲಿನ ಕೊನೆಯದು. ಮೂರು ಕಡೆ ತಗಡು, ಮೇಲೆ ತಗಡು, ಒಳಗೆ ಎರಡು ಒಲೆ. ಅಷ್ಟೇ. ಚಾಳಿನ ಖೋಲಿಯಲ್ಲಿ ಕಟ್ಟಿಗೆಯ ಒಲೆ ಹಚ್ಚುವಂತಿರಲಿಲ್ಲ, ಮೇಲಿನ ಮಾಳಿಗೆಯವರು ಹೊಗೆ ಬಂತು ಅಂತ ಬೊಬ್ಬೆ ಹಾಕುತ್ತಿದ್ದರು. ಶೆಡ್ಡು ಇದ್ದರೆ ರೊಟ್ಟಿ, ರೊಟ್ಟಿ ಇದ್ದರೆ ಮುಂಬೈ. ಇಲ್ಲದಿದ್ದರೆ ಊರಿಗೆ ಹೋಗಿ ಮೈದುನನ ಹೊಲದಲ್ಲಿ ಕಳೆ ಕೀಳಬೇಕು, ಅವನ ಹೆಂಡತಿ ಮುಖ ಗಂಟು ಹಾಕಿಕೊಂಡು ನೀಡಿದ್ದನ್ನು ಉಣ್ಣಬೇಕು. ಅದಕ್ಕಿಂತ ನಾಲಾದ ವಾಸನೆ ಎಷ್ಟೋ ವಾಸಿ.

ಗಂಡ ಇದ್ದ. ಗಿರಣಿಯಲ್ಲಿ ಬಟ್ಟೆ ನೇಯುವ ಸಾಂಚಾ ನಡೆಸುತ್ತಿದ್ದವ, ಕೆಮ್ಮು ಹತ್ತಿತು ಅಂತ ಬಿಟ್ಟು ಕೂತ. ಕೆಮ್ಮು ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ಕೆಮ್ಮಿಗಿಂತ ಮೈಗಳ್ಳತನ ದೊಡ್ಡದಿತ್ತು. ಬೆಳಗ್ಗೆ ಎದ್ದು ಸ್ನಾನ ಮಾಡಿ ದೇವರ ಮುಂದೆ ಕೂತರೆ ರೊಟ್ಟಿಯ ಒಲೆ ಆರುವ ತನಕ ಏಳುತ್ತಿರಲಿಲ್ಲ. ಎದ್ದ ಮೇಲೆ ಇಸ್ಪೀಟಿನ ಎಲೆ ಆಡಲು ಹೋಗುತ್ತಿದ್ದ. ಅವನದೊಂದು ಚಟ ಇತ್ತು: ಮನೆಗೆ ಯಾವ ಕಾಗದ ಬರಲಿ, ಹೋಗಲಿ, ಅದನ್ನು ದೇವರ ಮುಂದೆ ಇಟ್ಟು ನಾಲ್ಕು ಮೂಲೆಗೆ ಅರಿಷಿಣ ಕುಂಕುಮ ಹಚ್ಚುವುದು. ಲಗ್ನಪತ್ರಿಕೆಗೆ ಎಲ್ಲರೂ ಹಚ್ಚುತ್ತಾರೆ. ಇವನು ರೇಶನ್ ಕಾರ್ಡಿಗೆ ಹಚ್ಚಿದ, ಬಾಡಿಗೆ ಪಾವತಿಗೆ ಹಚ್ಚಿದ, ಆಸ್ಪತ್ರೆಯವರು ಕೊಟ್ಟ ಕೆಮ್ಮಿನ ಔಷಧದ ಚೀಟಿಗೂ ಹಚ್ಚಿದ. ಆ ಚೀಟಿಗೆ ಹಚ್ಚಿದ್ದರಿಂದ ಕೆಮ್ಮು ಏನೂ ಕಡಿಮೆ ಆಗಲಿಲ್ಲ.

ಒಂದು ದಿನ ನಾಲಾ ಸಾಲಿನ ಎಲ್ಲಾ ತಗಡಿಗೂ ನೋಟೀಸು ಅಂಟಿಸಿದರು. ಜಾಗ ಸರಕಾರದ್ದು, ಶೆಡ್ಡು ಕಿತ್ತುಕೊಂಡು ಹೋಗಿ, ಇಲ್ಲದಿದ್ದರೆ ನಾವೇ ಕೀಳುತ್ತೇವೆ. ಯಾವ ಆಫೀಸಿನ ನೋಟೀಸು ಅಂತ ನಾನು ಬರೆಯುವುದಿಲ್ಲ. ನಾನು ನೋಡಿದ ಆಫೀಸುಗಳೆಲ್ಲಾ ಒಂದೇ ಥರ ಇದ್ದವು.

ಗಂಡಸರು ಸಭೆ ಮಾಡಿದರು. ರೊಟ್ಟಿ ಬಡಿಯುವವರು ನಾವು, ಸಭೆ ಅವರದು. ಎಲ್ಲರೂ ಕೂಡಿ ಒಂದೇ ಅರ್ಜಿ ಕೊಡೋಣ ಅಂದರು. ಬರೆದೂ ಆಯಿತು. ಆಮೇಲೆ ಯಾರ ಸಹಿ ಮೇಲೆ, ಯಾರದು ಕೆಳಗೆ ಅನ್ನುವುದಕ್ಕೆ ಒಂದು ರವಿವಾರ ಪೂರ್ತಿ ಜಗಳ. ಸಹಿ ಬರುವವರು ಹೆಬ್ಬೆಟ್ಟಿನವರ ಕೆಳಗೆ ಬರೆಯಲು ಒಪ್ಪಲಿಲ್ಲ. ಹೆಬ್ಬೆಟ್ಟಿನವರಲ್ಲಿ ವಯಸ್ಸಾದವರಿದ್ದರು, ಅವರು ಹುಡುಗರ ಕೆಳಗೆ ಒತ್ತಲು ಒಪ್ಪಲಿಲ್ಲ. ಕೊನೆಗೆ ಒಬ್ಬ ಜಾಣ, ದುಂಡಗೆ ಹಾಕೋಣ, ಆಗ ಮೇಲೂ ಇಲ್ಲ ಕೆಳಗೂ ಇಲ್ಲ ಅಂದ. ದುಂಡಗೆ ಹಾಕಿದರು. ನೋಡಿದರೆ ಕೋಳಿ ತಿಪ್ಪೆ ಕೆದರಿದಂತೆ ಕಾಣುತ್ತಿತ್ತು. ಆ ಕಾಗದ ಹೋದ ಹಾಗೆಯೇ ತಿರುಗಿ ಬಂತು. ಯಾರ ಶೆಡ್ಡೋ ಅವರೇ ತಮ್ಮ ತಮ್ಮ ಹೆಸರಿನಲ್ಲಿ ಕೊಡಬೇಕಂತೆ. ಗಂಡಸರು ಸರಕಾರವನ್ನು ಬೈದು ಎಲೆ ಆಡಲು ಹೋದರು.

ಹಾಗಾಗಿ ನಾವು ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಮಾಸ್ತರನ ಹತ್ತಿರ ಹೋದೆವು. ಅವನು ಯಾವ ಸಾಲಿಯ ಮಾಸ್ತರನೂ ಅಲ್ಲ. ಮಂಗಳೂರು ಕಡೆಯವ, ಮೊದಲು ರಸ್ತೆಗಳು ಕೂಡುವ ನಾಕೆಯ ಹೋಟೆಲ್ಲಿನಲ್ಲಿ ಗಲ್ಲೆಯ ಮೇಲೆ ಕೂಡುತ್ತಿದ್ದನಂತೆ. ಇಂಗ್ಲೀಷ್ ಬರುತ್ತದೆ ಅಂತ ಗೊತ್ತಾದ ಮೇಲೆ ಜನ ಕಾಗದ ಹಿಡಿದುಕೊಂಡು ಬರತೊಡಗಿದರು, ಗಲ್ಲೆ ಬಿಟ್ಟು ಅದೇ ಹೋಟೆಲ್ಲಿನ ಹೊರಗಿನ ಬೆಂಚಿನ ಮೇಲೆ ಟೈಪ್‌ರೈಟರು ಇಟ್ಟುಕೊಂಡ. ಬಿಳೀ ಪಂಚೆ, ಕಿವಿಯ ಹಿಂದೆ ಪೆನ್ಸಿಲು. ಮಂದಿಯ ಸಂಕಟ ಕೇಳುವಾಗ ಅವನ ಮುಖದಲ್ಲಿ ಒಂದು ಥರದ ಹಸಿವು ಕಾಣುತ್ತಿತ್ತು. ಸಣ್ಣ ಸಂಕಟ ಹೇಳಿದರೆ ಅವನಿಗೆ ಬೇಜಾರು.

ಅವನು ಮೊದಲು ಕೇಳಿದ್ದು ಇದು: "ಗಂಡ ಉಂಟಾ?"

"ಅದಾನ."

"ಎಂತ ಮಾಡ್ತಾನೆ?"

"ಕೂತಾನ."

"ಹಾಗಾದರೆ ಇಲ್ಲ ಅಂತಲೇ ಬರೆಯುವ."

ನಾನು ಅವನ ಮುಖ ನೋಡಿದೆ. ಅವನಿಗೆ ಇದೇನು ಹೊಸದಲ್ಲ. ಗಂಡ ಉಂಟು ಅಂತ ಬರೆದರೆ ಅವನೇ ದುಡಿಯಲಿ ಅಂತಾರೆ, ವಿಧವೆ ಅಂತ ಬರೆದರೆ ಎರಡನೇ ಸಾಲಿನ ತನಕವಾದರೂ ಓದುತ್ತಾರೆ ಅಂತ ವಿವರಿಸಿದ. ನಮ್ಮ ಸಾಲಿನ ಎಲ್ಲ ಹೆಂಗಸರನ್ನೂ ಅವನು ವಿಧವೆ ಮಾಡಿ ಮುಗಿಸಿದ್ದ. ಅವರಲ್ಲಿ ಒಬ್ಬಳು ಮಾತ್ರ ನಿಜವಾದ ವಿಧವೆ, ನನ್ನ ಪಕ್ಕದ ಶೆಡ್ಡಿನವಳು. ಅವಳ ಗಂಡ ಬಂದರಿನಲ್ಲಿ ಮೂಟೆಯ ಕೆಳಗೆ ಸಿಕ್ಕಿ ಸತ್ತಿದ್ದ. ಉಳಿದವರ ಗಂಡಂದಿರು ಆ ಹೊತ್ತಿಗೆ ಅದೇ ಹೋಟೆಲ್ಲಿನ ಒಳಗೆ ಚಹಾ ಕುಡಿಯುತ್ತಿದ್ದರು.

ನಾನು ಹೆಚ್ಚು ಹೊತ್ತು ಯೋಚನೆ ಮಾಡಲಿಲ್ಲ. ಸತ್ತು ಎಷ್ಟು ದಿವಸ ಆಯಿತು ಅಂತ ಬರೆಯುತ್ತೀರಿ ಅಂತ ಕೇಳಿದೆ. ಎರಡು ವರ್ಷ ಇರಲಿ ಅಂದ.

"ಮೂರು ಮಾಡ್ರಿ," ಅಂದೆ. "ಗಿರಣಿ ಬಿಟ್ಟು ಮೂರಾತು."

ಟೈಪ್‌ರೈಟರು ಬಡಿಯಲು ಶುರು ಮಾಡಿದ. ಮಕ್ಕಳು ಐದು ಅಂತ ಹಾಕಿದ. ನನಗಿದ್ದದ್ದು ಒಬ್ಬಳೇ ಮಗಳು. ಅತ್ತೆ ಇದ್ದಾರಾ ಅಂದ. ಊರಲ್ಲಿದ್ದಾಳೆ ಅಂದೆ. ಅವಳನ್ನು ಕುರುಡಿ ಮಾಡಿದ. ಊರಲ್ಲಿ ಕೂತು, ಮುಂಬೈಯಲ್ಲಿ ಸೊಸೆ ಎಷ್ಟು ಹಿಟ್ಟು ನಾದಿದಳು ಅಂತ ನೋಡುವಂಥ ಕಣ್ಣು ಅವಳದು. ಮುಗಿದ ಮೇಲೆ ಕನ್ನಡದಲ್ಲಿ ಅರ್ಥ ಹೇಳಿದ. ಅರ್ಧಕ್ಕಿಂತ ಹೆಚ್ಚು ಬರೀ ಕಾಲಿನ ಧೂಳು. ನನಗೆ ಮೈ ಉರಿಯಿತು. ಇದನ್ನೆಲ್ಲಾ ತೆಗೆಯಿರಿ, ಒಲೆ ಮುಟ್ಟಬೇಡಿ ಅಂತ ಒಂದು ಮಾತು ಬರೆಯಿರಿ, ಸಾಕು ಅಂದೆ.

"ಹಾಗೆ ಬರೆದರೆ ಅದು ಅರ್ಜಿ ಅಲ್ಲ ಮಾರಾಯ್ತಿ, ಜಗಳ," ಅಂದ. ಮಸಿಯ ಡಬ್ಬಿ ಮುಂದೆ ತಳ್ಳಿದ. ನನಗೆ ಆಗ ಅಕ್ಷರ ಬರುತ್ತಿರಲಿಲ್ಲ. ಕಲಿತದ್ದು ತಲೆ ಬೆಳ್ಳಗಾದ ಮೇಲೆ, ಮೊಮ್ಮಗಳ ಪಾಟಿಯ ಮೇಲೆ. ಹೆಬ್ಬೆಟ್ಟು ಒತ್ತಿದೆ.

ಕಾಗದವನ್ನು ಮನೆಗೆ ತಂದು ಗೋಡೆಯ ಮಾಡದಲ್ಲಿ ಇಟ್ಟೆ. ಮರುದಿನ ಬೆಳಗ್ಗೆ ನಾನು ನಲ್ಲಿಗೆ ಹೋಗಿ ಬರುವುದರೊಳಗೆ ಗಂಡ ಅದನ್ನು ದೇವರ ಮುಂದೆ ಇಟ್ಟು, ನಾಲ್ಕು ಮೂಲೆಗೂ ಅರಿಷಿಣ ಕುಂಕುಮ ಹಚ್ಚಿ, ಕೈ ಮುಗಿದು ಕೂತಿದ್ದ. ತಾನು ಸತ್ತ ಕಾಗದಕ್ಕೆ ತಾನೇ ಪೂಜೆ ಮಾಡುತ್ತಿದ್ದ. ಒಳಗೆ ಏನು ಬರೆದಿದೆ ಅಂತ ಅವನಿಗೆ ನಾನು ಹೇಳಿರಲಿಲ್ಲ, ಇಂಗ್ಲೀಷ್ ಅವನಿಗೂ ಬರುತ್ತಿರಲಿಲ್ಲ. ಕೆಲಸ ಆಗ್ತದ ನೋಡು ಅಂದ. ನಾನು ಕುಂಕುಮ ನೋಡಿದೆ, ಏನೂ ಅನ್ನಿಸಲಿಲ್ಲ. ನಮ್ಮ ಮನೆಯಲ್ಲಿ ಕುಂಕುಮ ಇಲ್ಲದ ಕಾಗದವೇ ಇರಲಿಲ್ಲವಲ್ಲ. ಸುರುಳಿ ಸುತ್ತಿ ಸೆರಗಿನಲ್ಲಿ ಇಟ್ಟುಕೊಂಡೆ.

ವಿಧವೆ ಅಂತ ಬರೆಸಿದ ಮೇಲೆ ವಿಧವೆಯ ಹಾಗೆಯೇ ಹೋಗಬೇಕು ಅಂತ ಮಾಸ್ತರ ತಾಕೀತು ಮಾಡಿದ್ದ. ಗಂಡ ಎಲೆ ಆಡಲು ಹೋದ ಮೇಲೆ ಕೈಗೆ ಸಬಕಾರದ ನೊರೆ ಹಚ್ಚಿ ಬಳೆ ತೆಗೆದು ಹಿಟ್ಟಿನ ಡಬ್ಬಿಯಲ್ಲಿ ಹಾಕಿದೆ. ತಾಳಿಯನ್ನು ಕುಪ್ಪಸದ ಒಳಗೆ ಸೇರಿಸಿದೆ. ದಾದರದ ತನಕ ನಡೆದು ಹೋಗಿ, ಟ್ರಾಮು ನಿಲ್ಲುವ ಕಡೆ ಸೆರಗಿನಿಂದ ಹಣೆ ಒರೆಸಿಕೊಂಡೆ. ಕೈ ನಡುಗಿತು, ಎದೆ ಒಡೆಯಿತು ಅಂತ ಬರೆದರೆ ಓದುವವರಿಗೆ ಚಲೋ ಅನ್ನಿಸುತ್ತದೆ. ಹಾಗೇನೂ ಆಗಲಿಲ್ಲ. ಒಲೆಯ ಮುಂದೆ ಬೆವರಿಗೆ ದಿನಾ ಇಳಿದು ಹೋಗುವ ಪುಡಿ ಅದು.

ಆಫೀಸಿನಲ್ಲಿ ಅರ್ಜಿ ತೆಗೆದುಕೊಳ್ಳುವ ಕಾರಕೂನ ಒಬ್ಬನೇ. ಕಪ್ಪು ಟೊಪಿಗೆ, ಎಲೆ ಅಡಿಕೆಯ ಬಾಯಿ. ಬೆಳಗಾವಿಯವ ಅಂತ ಮಾಸ್ತರ ಹೇಳಿದ್ದ. ಮನೆಯಲ್ಲಿ ಕನ್ನಡ, ಆಫೀಸಿನಲ್ಲಿ ಸತ್ತರೂ ಮರಾಠಿಯೇ. ಅವನ ಕೆಲಸದ ರೀತಿ ಹೀಗೆ: ಕಾಗದ ಕೈಗೆ ಬಂದ ಕೂಡಲೇ, ಬಿಚ್ಚದೇ, ಹಿಂದಿನ ಮಗ್ಗುಲಿಗೆ ಧಪ್ ಅಂತ ಶಿಕ್ಕಾ ಹೊಡೆಯುವುದು, ನಂಬರು ಬರೆಯುವುದು, ಆಮೇಲೆ ಬಿಚ್ಚಿ ನೋಡುವುದು. ಓದಿ ಆಮೇಲೆ ಶಿಕ್ಕಾ ಹೊಡೆಯುವಷ್ಟು ತಾಳ್ಮೆ ಯಾರಿಗಿತ್ತು. ನನ್ನದಕ್ಕೂ ಹೊಡೆದ. ನಂಬರು ಬರೆದ. ಬಿಚ್ಚಿದ. ಕುಂಕುಮದ ಪುಡಿ ಅವನ ಮೇಜಿನ ಮೇಲೆ ಉದುರಿತು.

ಅವನು ಮೂಲೆ ನೋಡಿದ. ಮೇಲಿನ ಸಾಲು ಓದಿದ. ನನ್ನ ಬೋಳು ಹಣೆ ನೋಡಿದ. ಮತ್ತೆ ಮೂಲೆ ನೋಡಿದ. ಸಾವಿನ ಸುದ್ದಿಯ ಕಾಗದಕ್ಕೆ ನಮ್ಮಲ್ಲಿ ಮೂಲೆ ಹರಿಯುತ್ತಾರೆ, ಮರಾಠಿಯವರಲ್ಲೂ ಹಾಗೆಯೇ. ಕುಂಕುಮ ಹಚ್ಚುವುದು ಮದುವೆ ಮುಂಜಿಗೆ. ಅವನು ಎಲೆಯ ರಸ ಬಾಯಲ್ಲೇ ಹಿಡಿದುಕೊಂಡು ಮರಾಠಿಯಲ್ಲಿ ಕೇಳಿದ, ಬಾಈ, ವಿಧವೆಯ ಕಾಗದಕ್ಕೆ ನಿನ್ನ ಮನೆಯಲ್ಲಿ ಕುಂಕುಮ ಹಚ್ಚಿದವರು ಯಾರು?

ನಾನು ಅಂದೆ, "ನನ್ನ ಗಂಡ."

ಬಾಯಿಂದ ಹಾಗೇ ಬಂತು. ಯಾರು ಹಚ್ಚಿದರು ಅಂದರೆ ಹಚ್ಚಿದವರ ಹೆಸರು ಹೇಳಬೇಕಲ್ಲ.

ಆ ಆಫೀಸಿನಲ್ಲಿ ಅಷ್ಟು ಜನ ಇದ್ದಾರೆ ಅಂತ ನನಗೆ ನಗು ಎದ್ದ ಮೇಲೆಯೇ ಗೊತ್ತಾದದ್ದು. ಕಪಾಟುಗಳ ಹಿಂದಿನಿಂದ ಒಬ್ಬೊಬ್ಬರೇ ಎದ್ದು ಬಂದರು. ಕಾರಕೂನ ಅರ್ಜಿಯನ್ನು ಎತ್ತಿ ಹಿಡಿದು, ಇಂಗ್ಲೀಷನ್ನು ಮರಾಠಿ ಮಾಡಿ, ನಾಟಕದವರ ಹಾಗೆ ಓದಿದ. ನತದೃಷ್ಟ ವಿಧವೆ ಅಂದಾಗ ನಗು. ಕುರುಡಿ ಅತ್ತೆ ಅಂದಾಗ ನಗು. ತಮ್ಮ ಕಾಲಿನ ಧೂಳು ಅಂದಾಗ ಒಬ್ಬ ತನ್ನ ಚಪ್ಪಲಿ ಎತ್ತಿ ತೋರಿಸಿದ. ಓದಿದವರ ಚೇಷ್ಟೆ ಅದು. ಅವರ ಮನೆಯಲ್ಲೂ ಹೆಣ್ಣುಮಕ್ಕಳು ಇರುತ್ತಾರೆ, ಆದರೆ ಅವರು ಅರ್ಜಿ ಕೊಡುವವರಲ್ಲ.

ನಗು ಮುಗಿಯಲಿ ಅಂತ ನಿಂತೆ. ಮುಗಿದ ಮೇಲೆ ನನಗೆ ಬರುವ ಮುರುಕು ಮರಾಠಿಯಲ್ಲಿ ಕೇಳಿದೆ: ಗಂಡ ಇದ್ದಾನೆ ಅಂತ ಬರೆಸಿದ್ದರೆ ನೀವು ಯಾರಾದರೂ ಇಷ್ಟು ಪೂರ್ತಿ ಓದುತ್ತಿದ್ದಿರೇನು?

ಕಾರಕೂನ ಕಾಗದ ಹಿಡಿದುಕೊಂಡು ಒಳಗಿನ ದೊಡ್ಡ ಸಾಹೇಬನ ಹತ್ತಿರ ಹೋದ. ಬಹಳ ಹೊತ್ತಿನ ಮೇಲೆ ಹೊರಗೆ ಬಂದಾಗ ಮುಖದಲ್ಲಿ ನಗು ಇರಲಿಲ್ಲ. ಸಾಹೇಬ ಬೈದಿದ್ದನಂತೆ. ಶಿಕ್ಕಾ ಹೊಡೆಯುವ ಮೊದಲು ನೋಡಿದ್ದರೆ ಹರಿದು ಬುಟ್ಟಿಗೆ ಎಸೆಯಬಹುದಿತ್ತು. ಈಗ ನಂಬರು ಬಿದ್ದಿದೆ. ನಂಬರು ಬಿದ್ದದ್ದು ಸರಕಾರದ ಆಸ್ತಿ. ಅವನು ಅಕ್ಕಪಕ್ಕ ನೋಡಿ, ದನಿ ಇಳಿಸಿ, ಮೊದಲ ಸಲ ಕನ್ನಡದಲ್ಲಿ ಮಾತಾಡಿದ.

"ಯವ್ವಾ, ಇದನ್ನ ಮಂಜೂರ ಮಾಡಾಕ ಬರೂದಿಲ್ಲ, ನಾಮಂಜೂರ ಮಾಡಾಕೂ ಬರೂದಿಲ್ಲ. ನಿನ್ನ ಗಂಡ ಅದಾನೋ ಇಲ್ಲೋ ಅಂತ ಮದಲ ಚೌಕಶಿ ಆಗಬೇಕು. ಅಲ್ಲೀ ಮಟ ನಿನ್ನ ಶೆಡ್ಡ ಯಾರೂ ಮುಟ್ಟಂಗಿಲ್ಲ."

ಮನೆಗೆ ಬಂದು ಬಳೆ ಹಾಕಿಕೊಂಡೆ. ಗಂಡನಿಗೆ ಹೇಳಿದೆ, ನೀವು ಸತ್ತು ಮೂರು ವರ್ಷ ಆಗಿದೆ, ನಿಮ್ಮದೇ ಕುಂಕುಮದಿಂದ ಸಿಕ್ಕಿಬಿದ್ದಿರಿ ಅಂತ. ಅವತ್ತು ಅವನು ಉಣ್ಣಲಿಲ್ಲ. ಎರಡನೆಯ ದಿನ ಎಲೆ ಆಡುವವರ ಮುಂದೆ ಕೂತು, ಸರಕಾರ ನನ್ನನ್ನು ಹುಡುಕುತ್ತಿದೆ ಅಂತ ಜಂಬ ಕೊಚ್ಚುತ್ತಿದ್ದ. ಅವನ ಜನ್ಮದಲ್ಲಿ ಅವನನ್ನು ಯಾರೂ ಹುಡುಕಿರಲಿಲ್ಲ, ಪಾಪ.

ಉಳಿದವರಿಗೆ ಬೇಗನೇ ಜವಾಬು ಬಂತು. ಚೊಕ್ಕ ಕಾಗದ, ಕುಂಕುಮ ಇಲ್ಲ, ಯಾವ ತಂಟೆಯೂ ಇಲ್ಲ. ವಿಧವೆಯರಿಗೆ ಸರಕಾರದ ಹತ್ತಿರ ಮೊದಲೇ ಒಂದು ಉತ್ತರ ತಯಾರಿತ್ತು: ತಮ್ಮ ವಿನಂತಿಯನ್ನು ಪರಿಗಣಿಸಲು ಬರುವುದಿಲ್ಲ. ಎಲ್ಲರಿಗೂ ಅದೇ ಮಾತು. ಆಮೇಲೆ ಒಂದು ಬೆಳಗ್ಗೆ ಹಾರೆ ಹಿಡಿದ ಕೂಲಿಗಳು ಬಂದು ಸಾಲಿನ ಆ ತುದಿಯಿಂದ ಕೀಳುತ್ತಾ ಬಂದರು. ಕಿತ್ತವರಲ್ಲಿ ನಮ್ಮ ರೊಟ್ಟಿ ತಿಂದವರೂ ಇದ್ದರು. ನನ್ನ ಶೆಡ್ಡಿಗೆ ಬಂದು ನಿಂತರು. ಕೂಲಿಗಳ ಮುಕಾದಮ ಚೀಟಿ ನೋಡಿ, ಇದು ಚೌಕಶಿಯಲ್ಲಿದೆ, ಬಿಡಿ ಅಂದ. ಬಿಟ್ಟು ಹೋದರು.

ಪಕ್ಕದವಳು, ನಿಜವಾದ ವಿಧವೆ, ತನ್ನ ಮುರಿದ ಒಲೆಯ ಮುಂದೆ ಹಿಟ್ಟು ನಾದುವ ಪರಾತ ಮಗುಚಿ ಹಾಕಿಕೊಂಡು ಅದರ ಮೇಲೆ ಕೂತಿದ್ದಳು. ಅವಳ ಅರ್ಜಿಯಲ್ಲಿ ಒಂದು ಸುಳ್ಳೂ ಇರಲಿಲ್ಲ, ಮಕ್ಕಳ ಲೆಕ್ಕವೂ ಖರೆ.

"ನನ್ನ ಗಂಡ ಖರೇನ ಸತ್ತ, ನನ್ನ ಒಲಿ ಹೋತು," ಅಂದಳು. "ನಿನ್ನ ಗಂಡ ಸುಳ್ಳ ಸತ್ತ, ನಿನ್ನ ಒಲಿ ಉಳೀತು. ನಿಂದ ಚಲೋ ಐತಿ ನೋಡವಾ."

ನನ್ನ ಎರಡು ಒಲೆಯಲ್ಲಿ ಒಂದನ್ನು ಅವಳಿಗೆ ಕೊಟ್ಟೆ. ಧರ್ಮಕ್ಕಲ್ಲ. ಸಾಲೆಲ್ಲ ಹೋದ ಮೇಲೆ ಉಣ್ಣುವ ಮಂದಿ ಪೂರ್ತಿ ನನ್ನ ಶೆಡ್ಡಿನ ಮುಂದೆ ಬಂದು ಕೂತರು, ಒಬ್ಬಳ ಕೈಯಲ್ಲಿ ಆಗುತ್ತಿರಲಿಲ್ಲ. ಅವಳೂ ಉಪಕಾರ ಆಯಿತು ಅಂತ ಅನ್ನಲಿಲ್ಲ. ನನ್ನ ರೊಟ್ಟಿ ದಪ್ಪ ಅಂತ ಮಾತ್ರ ಅಂದಳು.

ಮಳೆಗಾಲ ಮುಗಿದ ಮೇಲೆ ಚೌಕಶಿಗೆ ಒಬ್ಬ ಸಾಹೇಬ ಬಂದ. ಛತ್ರಿ, ಚರ್ಮದ ಚೀಲ. ನಾಲಾದ ವಾಸನೆಗೆ ಮೂಗು ಮುಚ್ಚಿಕೊಂಡು ಬಂದವನು ರೊಟ್ಟಿಯ ವಾಸನೆಗೆ ಮೂಗು ತೆರೆದ. ಎರಡು ರೊಟ್ಟಿ, ಶೇಂಗಾದ ಚಟ್ನಿಹಿಂಡಿ ತಿಂದ. ಶೆಡ್ಡಿನ ಬಾಯಿಗೆ ನನ್ನ ಗಂಡ ಬೀಡಿ ಸೇದುತ್ತಾ ಕೂತಿದ್ದ. ಸಾಹೇಬ ಅವನ ಕಡೆ ಬೆರಳು ಮಾಡಿ, ಇವನು ಯಾರು ಅಂತ ಕೇಳಿದ. ಅವನನ್ನೇ ಕೇಳಿರಿ ಅಂದೆ. ನಾನು ಒಂದು ಸಲ ಬಾಯಿ ಬಿಟ್ಟು ಕಲಿತದ್ದು ಸಾಕಾಗಿತ್ತು.

ಗಂಡ ಬೀಡಿ ಬಿಸಾಕಿ ಎದ್ದು ನಿಂತ. ತಲೆಯ ಟೊಪಿಗೆ ತೆಗೆದ. ಈ ಬಾಈಯ ಗಂಡ ಸತ್ತಿದ್ದಾನೆ ಅಂತ ಅರ್ಜಿಯಲ್ಲಿದೆ, ನೀನೇ ಗಂಡನೋ ಹೇಗೆ ಅಂತ ಸಾಹೇಬ ಕೇಳಿದ. ನನ್ನ ಗಂಡ ಕೈ ಮುಗಿದು, "ಸಾಹೇಬ್ರು ಹ್ಯಾಂಗ ಅಂತೀರಿ ಹಾಂಗ್ರಿ," ಅಂದ.

ಗಿರಣಿಯಲ್ಲಿ ಇದ್ದಷ್ಟು ಕಾಲವೂ ಅವನು ಹೇಳಿಕೊಂಡು ಬಂದ ಮಾತು ಅದೊಂದೇ. ಪಗಾರ ಕಡಿದಾಗಲೂ ಅದೇ, ಮನೆಗೆ ಹೋಗು ಅಂದಾಗಲೂ ಅದೇ. ಬದುಕಿದ್ದೀಯೋ ಸತ್ತಿದ್ದೀಯೋ ಅಂತ ಕೇಳಿದರೂ ಅದನ್ನೇ ಹೇಳುತ್ತಾನೆ ಅಂತ ನನಗೆ ಅನ್ನಿಸಿರಲಿಲ್ಲ. ಪಕ್ಕದವಳು ನಗು ತಡೆಯಲಾರದೆ ಹಿಟ್ಟಿನ ಕಡೆ ಬಗ್ಗಿದಳು. ಸಾಹೇಬನಿಗೆ ಪೇಚಾಟ. ಗಂಡ ಹೌದು ಅಂದಿದ್ದರೆ ಒಂದು ಥರ ಬರೆಯಬಹುದಿತ್ತು, ಅಲ್ಲ ಅಂದಿದ್ದರೆ ಇನ್ನೊಂದು ಥರ. ಕೊನೆಗೆ, ಸತ್ತಿದ್ದರೆ ಸತ್ತ ದಾಖಲೆ ತರಬೇಕು, ಬದುಕಿದ್ದರೆ ಇವನೇ ಗಂಡ ಅಂತ ಪುರಾವೆ ತೆಗೆದುಕೊಂಡು ಇವನೇ ಆಫೀಸಿಗೆ ಬರಬೇಕು ಅಂತ ಬರೆದುಕೊಂಡು ಹೋದ. ಗಂಡ ನಾಳೆ ಬರ್ತೀನ್ರಿ ಅಂದ. ನಾಳೆ ಹೋಗಲಿಲ್ಲ, ನಾಡಿದ್ದು ಹೋಗಲಿಲ್ಲ, ಕೊನೆಗೂ ಹೋಗಲಿಲ್ಲ. ಅವನ ಮೈಗಳ್ಳತನ ನನ್ನ ಉಪಯೋಗಕ್ಕೆ ಬಂದದ್ದು ಅದೊಂದೇ ಸಲ.

ಹೀಗೇ ವರ್ಷಗಳು ಹೋದವು. ರೇಶನ್ನಿನ ಪಾಳಿ ಹೋಯಿತು. ನಾಲಾದ ಆಚೆ ಹೊಸ ಬಿಲ್ಡಿಂಗುಗಳು ಎದ್ದವು. ಆಫೀಸಿನಿಂದ ಆಗಾಗ ಒಂದು ಕಾಗದ ಬರುತ್ತಿತ್ತು, ಪುರಾವೆ ಕೊಡಿ ಅಂತ. ನಾನು ಅದನ್ನು ಹಿಡಿದುಕೊಂಡು ಹೋಗುತ್ತಿದ್ದೆ, ಕಾರಕೂನ ಅದನ್ನು ಫೈಲಿಗೆ ಸೇರಿಸಿ ಕಟ್ಟುತ್ತಿದ್ದ. ಸತ್ತವರ ದಾಖಲೆ ಇಡುವ ಆಫೀಸಿಗೆ ಇವರು ಕೇಳಿ ಬರೆಯುತ್ತಿದ್ದರು, ಈ ಹೆಸರಿನವ ಸತ್ತಿದ್ದಾನೋ ಅಂತ. ಅವರು, ಇನ್ನೂ ಸಿಕ್ಕಿಲ್ಲ, ಹುಡುಕುತ್ತಿದ್ದೇವೆ ಅಂತ ಬರೆಯುತ್ತಿದ್ದರು. ಸಾಯದವನು ಅಲ್ಲಿ ಹೇಗೆ ಸಿಗುತ್ತಾನೆ. ಓದು ಬರಹ ಬಲ್ಲ ಇಷ್ಟು ಮಂದಿ ಗಂಡಸರು, ಒಲೆಯ ಮುಂದೆ ಕೂತು ಕೆಮ್ಮುವ ಒಬ್ಬ ಮನುಷ್ಯನನ್ನು ಪುಸ್ತಕದಲ್ಲಿ ಹುಡುಕುತ್ತಿದ್ದರು. ಬೆಳಗಾವಿ ಯಾರದು ಅಂತ 'ಮರಾಠಿ ಕನ್ನಡ' ಬಡಿದಾಟ ಜೋರಾದ ಮೇಲೆ ಕಾರಕೂನ ನನ್ನ ಹತ್ತಿರ ಕನ್ನಡ ಆಡುವುದನ್ನೇ ಬಿಟ್ಟ. ದನಿ ಇಳಿಸಿ ಆಡುವುದನ್ನೂ ಬಿಟ್ಟ. ಹೆದರಿದ್ದ.

ಆಮೇಲೆ ಗಂಡ ನಿಜವಾಗಿ ಸತ್ತ. ಕೆಮ್ಮು ರಕ್ತಕ್ಕೆ ತಿರುಗಿತ್ತು. ಆಸ್ಪತ್ರೆಯಲ್ಲಿ ಎರಡು ವಾರ ಇಟ್ಟುಕೊಂಡರು. ಸತ್ತ ದಿನವೂ ಬಂದರಿನವರು ಉಣ್ಣಲು ಬಂದರು, ಪಕ್ಕದವಳು ಒಬ್ಬಳೇ ಬಡಿದು ಹಾಕಿದಳು. ಸ್ಮಶಾನದಲ್ಲಿ ಬರೆದುಕೊಳ್ಳುವವನು ಹೆಸರು ಊರು ಎಲ್ಲ ಕೇಳಿ ಬರೆದುಕೊಂಡ. ಬರೆಸಬೇಕಾಗಿತ್ತು, ಬರೆಸದೆ ಸುಡಲು ಬಿಡುವುದಿಲ್ಲ.

ಎಷ್ಟೋ ವರ್ಷದಿಂದ ಹುಡುಕುತ್ತಿದ್ದವರಿಗೆ ಈಗ ಸಿಕ್ಕ, ಸತ್ತ ತಾರೀಖನ್ನು ಮಾತ್ರ ಯಾರೂ ನೋಡಲಿಲ್ಲ. ಇಂಥ ಕೆಲಸಕ್ಕೆ ಸರಕಾರ ಬಹಳ ಚುರುಕು. ಕೆಲವೇ ದಿನದಲ್ಲಿ ಕಾಗದ ಬಂತು. ಮಾಸ್ತರ ಕನ್ನಡಕ ಏರಿಸಿ ಓದಿ ಹೇಳಿದ. ಅರ್ಜಿದಾರಳ ಗಂಡ ಸತ್ತಿರುವುದು ದಾಖಲೆಯಿಂದ ಖಾತ್ರಿ ಆಗಿದೆ. ಅರ್ಜಿದಾರಳು ಹೇಳಿದ್ದು ಸರಿ ಇದೆ. ಚೌಕಶಿ ಮುಗಿಯಿತು. ಆದರೆ ತಮ್ಮ ವಿನಂತಿಯನ್ನು ಪರಿಗಣಿಸಲು ಬರುವುದಿಲ್ಲ. ಶೆಡ್ಡು ತೆಗೆಯಬೇಕು.

ಸರಕಾರ ನನ್ನ ಮಾತು ಖರೆ ಅಂತ ಒಪ್ಪಿದ್ದು ಅದೇ ಮೊದಲು. ಒಪ್ಪಿದ ಕೂಡಲೇ ಒಲೆ ಕೀಳಲು ಹೊರಟರು.

ಮಾಸ್ತರ ಹುರುಪಿನಿಂದ ಟೈಪ್‌ರೈಟರಿಗೆ ಹಾಳೆ ಏರಿಸಿದ. "ಇನ್ನೊಂದು ಬರೆಯುವ ಮಾರಾಯ್ತಿ. ಈಗ ನೋಡು, ಈಗ ಸತ್ಯ ಉಂಟು. ಸತ್ಯಕ್ಕೆ ಬೇರೆಯೇ ಬಲ."

ಸತ್ಯದ ಬಲ ನಾನು ನೋಡಿದ್ದೆ. ಅದು ಪರಾತ ಮಗುಚಿ ಹಾಕಿಕೊಂಡು ಅದರ ಮೇಲೆ ಕೂತಿತ್ತು.

"ಗಂಡ ಅದಾನ ಅಂತ ಬರೀರಿ," ಅಂದೆ.

ಅವನ ಕೈ ನಿಂತಿತು. "ಸತ್ತವನಲ್ವಾ?"

"ಹ್ವಾದ ಸಲ ಇದ್ದಾಂವನ್ನ ಸಾಯಿಸಿದ್ರಿ. ಈ ಸಲ ಸತ್ತಾಂವನ್ನ ಎಬ್ಬಸ್ರಿ. ಕೆಲಸ ಅಷ್ಟ ಅಲ್ಲೇನು?"

ಮಾಸ್ತರ ಬಹಳ ಹೊತ್ತು ಪೆನ್ಸಿಲು ಕಚ್ಚಿದ. ಆಮೇಲೆ ಅವನ ಮುಖದಲ್ಲಿ ಆ ಹಳೆಯ ಹಸಿವು ಬಂತು. ದಾಖಲೆಯಲ್ಲಿ ಸಿಕ್ಕವನು ಅದೇ ಹೆಸರಿನ ಬೇರೆ ಮನುಷ್ಯ, ತನ್ನ ಗಂಡ ರೋಗಿ, ಹಾಸಿಗೆ ಹಿಡಿದಿದ್ದಾನೆ, ಇವಳ ರೊಟ್ಟಿಯಿಂದಲೇ ಅವನ ಜೀವ ನಿಂತಿದೆ ಅಂತ ಬರೆದ. ಕಾಲಿನ ಧೂಳೂ ಹಾಕಿದ. ಈ ಸಲ ನಾನು ಬೇಡ ಅನ್ನಲಿಲ್ಲ. ಇಂಥ ಕಾಗದಕ್ಕೆ ಧೂಳೇ ಸರಿ.

ಮನೆಗೆ ತಂದು ದೇವರ ಮುಂದೆ ಇಟ್ಟೆ. ಗಂಡನ ಕುಂಕುಮದ ಭರಣಿ ಅಲ್ಲೇ ಇತ್ತು. ನಾನು ಬೆರಳು ಅದ್ದಿದ್ದನ್ನು ನೋಡಿ ಪಕ್ಕದವಳು ಕೈ ಹಿಡಿದಳು.

"ನೀ ಮುಟ್ಟಬಾರದು."

"ಮತ್ತ ಯಾರ ಹಚ್ಚಬೇಕು? ಹಚ್ಚಾಂವ ಹೋದ."

ಅವಳು ಕೈ ಬಿಟ್ಟಳು. ಮೂಲೆ ಮೂಲೆಗೆ ಚೆನ್ನಾಗಿ ಕಾಣುವ ಹಾಗೆ ಹಚ್ಚಿದೆ, ಅವನು ಹಚ್ಚುತ್ತಿದ್ದದ್ದಕ್ಕಿಂತ ದಪ್ಪ. ಬಳೆ ಇರಲಿಲ್ಲ, ಹಣೆಯ ಮೇಲೆ ಏನೂ ಇರಲಿಲ್ಲ. ಈ ಸಲ ದಾರಿಯಲ್ಲಿ ಒರೆಸಿಕೊಳ್ಳುವ ಕೆಲಸ ತಪ್ಪಿತು. ಹಾಗೇ ಹೋದೆ.

ಕಾರಕೂನ ಮುದುಕನಾಗಿದ್ದ, ಟೊಪಿಗೆಯ ಕೆಳಗೆ ಕೂದಲು ಬೆಳ್ಳಗೆ. ಆದರೆ ಕೈಯ ರೂಢಿ ಬಿಟ್ಟಿರಲಿಲ್ಲ. ನೋಡದೇ ಧಪ್ ಅಂತ ಶಿಕ್ಕಾ ಹೊಡೆದ, ನಂಬರು ಬರೆದ, ಆಮೇಲೆ ಬಿಚ್ಚಿದ. ಮೇಜಿನ ಮೇಲೆ ಕುಂಕುಮ ಉದುರಿತು. ಅವನು ಮೂಲೆ ನೋಡಿದ, ಗಂಡ ಬದುಕಿದ್ದಾನೆ ಅನ್ನುವ ಸಾಲು ಓದಿದ, ನನ್ನ ಬೋಳು ಹಣೆ ಮತ್ತು ಬರಿಗೈ ನೋಡಿದ. ಯಾರನ್ನೂ ಕರೆಯಲಿಲ್ಲ. ನಗಲಿಲ್ಲ. ಕಪಾಟಿನಿಂದ ಹಳೆಯ ಫೈಲು ತೆಗೆದು ಧೂಳು ಹೊಡೆದ, ಹೊಸ ಕಾಗದವನ್ನು ಮೇಲೆ ಇಟ್ಟು ದಾರ ಕಟ್ಟಿದ. ಗಂಟು ಹಾಕುತ್ತಾ, ತಲೆ ಎತ್ತದೆ, ಕನ್ನಡದಲ್ಲಿ ಅಂದ:

"ಚೌಕಶಿ ಆಗಬೇಕಾಗತೈತಿ, ಯವ್ವಾ."

"ಆಗ್ಲಿ," ಅಂದೆ.

ಬೇಗ ಬೇಗ ನಡೆದೆ. ನಾಲಾದ ದಂಡೆಗೆ ಬಂದಾಗ ತಗಡಿನ ಸಂದಿಯಿಂದ ಹೊಗೆ ಏಳುತ್ತಿತ್ತು. ಪಕ್ಕದವಳು ಎರಡೂ ಒಲೆ ಹೊತ್ತಿಸಿ, ನನ್ನ ಒಲೆಯ ಮೇಲೂ ಹಂಚು ಇಟ್ಟಿದ್ದಳು. ಇಷ್ಟು ತಡ ಮಾಡಿದರೆ ಹೇಗೆ ಅಂತ ಬೈದಳು. ಬಂದರಿನ ಮಧ್ಯಾಹ್ನದ ಪಾಳಿಯವರು ಕೈ ತೊಳೆದುಕೊಂಡು ಕೂತಿದ್ದರು.